ಹೇಳಿದ್ರೆ ನಿಲ್ಲಿಸ್ತೀಯ

2024ರ ಬೇಸಿಗೆಗೆ ಮಗಳ ಎಂಟನೇ ಕ್ಲಾಸು ಮುಗಿಯಿತು. ಪಾಸಾ ಅಂತ ಕೇಳಬೇಡಿ, ಆ ವಿಷಯ ಆಗ ಸುಪ್ರೀಂ ಕೋರ್ಟಿನಲ್ಲಿತ್ತು.

ತಮಾಷೆಗೆ ಹೇಳುತ್ತಿಲ್ಲ. ಸ್ಟೇಟ್ ಸಿಲಬಸ್‌ನಲ್ಲಿ ಐದು, ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿದ್ದ ಮನೆಯವರಿಗೆಲ್ಲ ಈ ಗೋಳು ಗೊತ್ತು. ಆ ವರ್ಷ ಮಾರ್ಚ್ 6ಕ್ಕೆ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಬೋರ್ಡ್ ಪರೀಕ್ಷೆ ಬೇಡ ಅಂದರು. ಮಾರನೇ ದಿನ ವಿಭಾಗೀಯ ಪೀಠ ನಡೆಯಲಿ ಅಂದಿತು. 11ಕ್ಕೆ ಪರೀಕ್ಷೆ ಶುರುವಾಯಿತು. ಎರಡು ಪೇಪರ್ ಬರೆಯುವಷ್ಟರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದು ನಿಂತಿತು. ಮತ್ತೆ ಹೈಕೋರ್ಟ್ ಹೂಂ ಅಂದಮೇಲೆ 25ರಿಂದ ಉಳಿದದ್ದನ್ನು ಬರೆದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ರಿಸಲ್ಟಿಗೂ ತಡೆ ಕೊಟ್ಟಿತು. "ಹಾಗಾದ್ರೆ ನಾನೀಗ ಎಂಟಾ, ಒಂಬತ್ತಾ?" ಅಂತ ಮಗಳು ಕೇಳಿದಳು. ಶಾಲೆಯವರನ್ನು ಕೇಳಿದರೆ, "ಒಂಬತ್ತರ ಬುಕ್ಸ್ ತಗೊಳ್ಳಿ ಮೇಡಂ, ನೋಡೋಣ" ಅಂದರು.

ಎಂಟನೇ ಕ್ಲಾಸಿನ ಹಣೆಬರಹವೇ ಹಾಗೆ. ಕೆಲವು ಶಾಲೆಗಳಲ್ಲಿ ಅದು ಮಿಡ್ಲ್ ಸ್ಕೂಲಿನ ಕೊನೆ, ಕೆಲವು ಕಡೆ ಹೈಸ್ಕೂಲಿನ ಮೊದಲು. ನಮ್ಮ ಕಾಲದಲ್ಲಿ ಏಳಕ್ಕೆ ಪಬ್ಲಿಕ್ ಪರೀಕ್ಷೆ ಇತ್ತು, ಅಲ್ಲಿಗೆ ಗೆರೆ ಎಳೆದ ಹಾಗೆ. ಈಗ ಗೆರೆ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಮನೆಯಲ್ಲೂ ಅಷ್ಟೇ. ಮದುವೆ ಮನೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಮುಖ ಊದಿಸುತ್ತಾಳೆ, ದೊಡ್ಡವರು ಮಾತಾಡುವಾಗ ಬಂದರೆ ನಾವೇ ಓಡಿಸುತ್ತೇವೆ.

ಇದನ್ನೆಲ್ಲ ಅವಳ ಪರ್ಮಿಷನ್ ತಗೊಂಡೇ ಬರೆಯುತ್ತಿದ್ದೇನೆ. ಹೆಸರು ಹಾಕಬಾರದು, ಫೋಟೋ ಹಾಕಬಾರದು. ಎರಡು ವಿಷಯ ಬರೆಯಲೇಬಾರದು ಅಂದಳು, ಬಿಟ್ಟಿದ್ದೇನೆ. ಒಂದು ವಿಷಯ ಬರೆಯಲೇಬೇಕು ಅಂದಳು. ಅದು ಶಾಲೆಯ ಟಾಯ್ಲೆಟ್ಟಿನ ಚಿಲಕ. ಬರುತ್ತೇನೆ ಅದಕ್ಕೆ.

2023ರ ಜೂನ್‌ನಲ್ಲಿ ವ್ಯಾನಿನವರು ತಿಂಗಳಿಗೆ 1,900 ಇದ್ದದ್ದನ್ನು 2,600 ಮಾಡಿದರು. ಅದೇ ತಿಂಗಳು 11ನೇ ತಾರೀಕು ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಬಸ್ ಫ್ರೀ. ನಮ್ಮ ಮನೆ ಕತ್ರಿಗುಪ್ಪೆ, ಶಾಲೆ ಬಸವನಗುಡಿ. ಒಂದೇ ಬಸ್ಸು, ರಾಮಕೃಷ್ಣ ಆಶ್ರಮದ ಹತ್ತಿರ ಇಳಿದರೆ ಆಯಿತು. ಲೆಕ್ಕ ಹಾಕಿದವಳು ನಾನೇ. ಧೈರ್ಯ ಅಂತ ಅಲ್ಲ, 2,600 ರೂಪಾಯಿ ಅಂತ. ಅತ್ತೆ ಎರಡು ದಿನ ಮಾತು ಬಿಟ್ಟರು. "ಹೆಣ್ಮಗು ಒಬ್ಬಳೇ ಸಿಟಿ ಬಸ್ಸಲ್ಲಾ? ಪುಕ್ಕಟೆ ಅಂತ ಕಳಿಸ್ತೀಯೇನೇ?" ಅವಳ ಅಪ್ಪ ಪೇಪರ್ ಹಿಂದೆ ಮುಖ ಇಟ್ಟುಕೊಂಡು, "ನೀನುಂಟು ನಿನ್ನ ಮಗಳುಂಟು" ಅಂದರು. ಅಂದರೆ ಏನಾದರೂ ಆದರೆ ತಪ್ಪು ನನ್ನದು.

ಮೊದಲ ವಾರ ಜೊತೆಗೆ ಹೋದೆ. ಫ್ರೀ ಅಂದರೂ ಟಿಕೆಟ್ ತಗೊಳ್ಳಲೇಬೇಕು, ಅದಕ್ಕೆ ಆಧಾರ್‌ನಂಥ ಗುರುತಿನ ಚೀಟಿ ತೋರಿಸಬೇಕಿತ್ತು. ಮಗಳ ಆಧಾರ್‌ನಲ್ಲಿ ಇರುವುದು ಐದು ವರ್ಷಕ್ಕೆ ಬೆರಳಚ್ಚು ಕೊಟ್ಟಾಗ ತೆಗೆದ ಫೋಟೋ. ಎರಡು ಜುಟ್ಟು, ಮುಂದಿನ ಹಲ್ಲಿಲ್ಲ, ಅತ್ತು ಮುಗಿಸಿದ ಮೂಗು. ಕಂಡಕ್ಟರ್ ಕಾರ್ಡ್ ನೋಡಿದರು, ಅವಳನ್ನು ನೋಡಿದರು, ಮತ್ತೆ ಕಾರ್ಡ್ ನೋಡಿದರು. "ಇವಳು ನಿನ್ನ ತಂಗೀನಾ ಪಾಪ?" ಅಂದರು. ಹಿಂದಿನ ಸೀಟಿನವರೆಲ್ಲ ನಕ್ಕರು. ಅವಳು ಅವಮಾನದಿಂದ ಸತ್ತೇ ಹೋದಳು. ಇನ್ನು ಹದಿನೈದಕ್ಕೆ ಆಧಾರ್ ಅಪ್‌ಡೇಟ್ ಆಗುವ ತನಕ ಇದೇ ಫೋಟೋ. ಎರಡನೇ ವಾರದಿಂದ ಒಬ್ಬಳೇ ಹೋದಳು.

ಆಗಸ್ಟ್ 23 ನೆನಪಿದೆಯಲ್ವಾ? ಚಂದ್ರಯಾನ ಇಳಿದ ದಿನ. ಶಾಲೆಯಲ್ಲಿ ದೊಡ್ಡ ಪರದೆ ಹಾಕಿ ಸಂಜೆಯವರೆಗೂ ಮಕ್ಕಳನ್ನು ಕೂರಿಸಿಕೊಂಡಿದ್ದರು. 6 ಗಂಟೆ 4 ನಿಮಿಷಕ್ಕೆ ಲ್ಯಾಂಡರ್ ಇಳಿಯಿತು. ಅವಳು ಮನೆ ಮುಟ್ಟುವಾಗ ಕತ್ತಲಾಗಿತ್ತು. ನಾನು ಸ್ಟಾಪಿನಲ್ಲಿ ಉಗುರು ಕಚ್ಚುತ್ತಾ ನಿಂತಿದ್ದೆ. ಅವಳು ಬಸ್ಸಿನಿಂದ ಇಳಿಯುತ್ತಲೇ ಶುರು: ಡ್ರೈವರ್ ಹಾರ್ನ್ ಹೊಡೆದರಂತೆ, ಯಾರೋ ಅಜ್ಜಿ ಕಲ್ಲುಸಕ್ಕರೆ ಹಂಚಿದರಂತೆ, ಅದನ್ನು ನಡೆಸಿದ್ದು ಪೀಣ್ಯದ ಇಸ್ರೋ ಕೇಂದ್ರದಿಂದಲಂತೆ, "ನಮ್ಮ ಪೀಣ್ಯದಿಂದ ಅಮ್ಮ!" ಮೈಕ್ ಹಿಡಿದು ಮಾತಾಡಿದ ಇಸ್ರೋ ವಿಜ್ಞಾನಿ ಕಲ್ಪನಾ ಅವರ ಹಾಗೆ ಒಂದು ವಾರ ಕನ್ನಡಿ ಮುಂದೆ ಮಾತಾಡಿದಳು. ಇಡೀ ವರ್ಷದಲ್ಲಿ ಅವಳ ಮುಖ ಅಷ್ಟು ಬೆಳಗಿದ್ದು ನಾನು ನೋಡಿದ್ದು ಆ ಸಂಜೆಯೇ. ಆ ಸಂಜೆ ಅವಳು ಒಬ್ಬಳೇ ಇದ್ದಳು ಅನ್ನೋದನ್ನು ನಾನು ಆಗ ಗಮನಿಸಲಿಲ್ಲ.

ಆಮೇಲೆ ಸೆಪ್ಟೆಂಬರ್ ಬಂತು. ಕಾವೇರಿ ಗಲಾಟೆ. 26ಕ್ಕೆ ಬೆಂಗಳೂರು ಬಂದ್, 28ಕ್ಕೆ ಈದ್ ಮಿಲಾದ್, 29ಕ್ಕೆ ಕರ್ನಾಟಕ ಬಂದ್. ಶಾಲೆ ನಡೆದದ್ದಕ್ಕಿಂತ ರಜೆಯೇ ಜಾಸ್ತಿ. ಮಕ್ಕಳೆಲ್ಲ ಮನೆಯಲ್ಲಿ, ಕೈಯಲ್ಲಿ ಫೋನು. ಒಬ್ಬ ಗೆಳತಿ ಹಾಕಿದ ರೀಲ್ ನೋಡಿ ನಮ್ಮವಳು ನಗುವ ಮುಖಗಳನ್ನು ಸಾಲಾಗಿ ಹಾಕಿದಳು. ಅದು ನಗಿಸೋ ರೀಲ್ ಅಲ್ಲವಂತೆ. ತಪ್ಪು ನಮ್ಮವಳದೇ, ಅವಳೂ ಒಪ್ಪುತ್ತಾಳೆ. ಆದರೆ ಶನಿವಾರದ ಹೊತ್ತಿಗೆ ಹೊಸ ವಾಟ್ಸಾಪ್ ಗ್ರೂಪ್ ಆಗಿತ್ತು. ಹಳೆಯದರಲ್ಲಿ ಹತ್ತು ಹುಡುಗಿಯರು, ಹೊಸದರಲ್ಲಿ ಒಂಬತ್ತು.

ನನಗೆ ಇದೆಲ್ಲ ಗೊತ್ತಾಗಿದ್ದು ಡಬ್ಬಿಯಿಂದ. ಸ್ಟೀಲಿನ ಡಬ್ಬಿ, ಎರಡು ಖಾನೆ. ಸಂಜೆ ಬ್ಯಾಗಿನಿಂದ ತೆಗೆಯುವಾಗಲೇ ಕೈಗೆ ಗೊತ್ತಾಗುತ್ತದೆ. ಖಾಲಿ ಡಬ್ಬಿ ಒಂದು ಥರ ಟಣ್ ಅನ್ನುತ್ತದೆ. ಅಕ್ಟೋಬರ್ ಮೊದಲ ವಾರ ಮೂರು ದಿನ ಡಬ್ಬಿ ಟಣ್ ಅನ್ನಲಿಲ್ಲ. ಚಿತ್ರಾನ್ನ ಹಾಗೇ ಇತ್ತು, ಕಡಲೆಬೀಜ ಮಾತ್ರ ಆರಿಸಿ ತಿಂದಿದ್ದಳು. ನೀರಿನ ಬಾಟಲಿಯೂ ತುಂಬಿತ್ತು. ಊಟ ಬಿಟ್ಟಿದ್ದು ಅರ್ಥವಾಯಿತು, ಗುಂಪಿನಲ್ಲಿ ಸೇರಿಸಿಕೊಳ್ಳದೆ ಒಬ್ಬಳೇ ಹೇಗೆ ಡಬ್ಬಿ ಬಿಚ್ಚುತ್ತಾಳೆ ಪಾಪ. ನೀರು ಯಾಕೆ ಬಿಟ್ಟಳು?

ಈಗ ಚಿಲಕದ ವಿಷಯ. ಹುಡುಗಿಯರ ಕಡೆ ಮೂರು ಟಾಯ್ಲೆಟ್. ಒಂದಕ್ಕೆ ಯಾವಾಗಲೂ ಬೀಗ, ಒಂದರಲ್ಲಿ ನೀರು ಬರುವುದಿಲ್ಲ, ನೀರು ಬರುವ ಒಂದಕ್ಕೆ ಚಿಲಕ ಇಲ್ಲ. ಹಾಗಾಗಿ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಳ್ಳಬೇಕು. ಗುಂಪು ಬಿಟ್ಟರೆ ಬಾಗಿಲು ಹಿಡಿಯೋರು ಯಾರು? ಅದಕ್ಕೇ ಅವಳು ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕೂವರೆ ತನಕ ನೀರು ಕುಡಿಯುತ್ತಿರಲಿಲ್ಲ. ಜಗಳ ಆಗಿದ್ದು ಒಂದು ರೀಲ್‌ಗೆ, ಶಿಕ್ಷೆ ಬಿದ್ದಿದ್ದು ಮೂತ್ರಕೋಶಕ್ಕೆ. ನವೆಂಬರ್‌ನಲ್ಲಿ ಉರಿಮೂತ್ರ ಅಂತ ಡಾಕ್ಟರ ಹತ್ತಿರ ಹೋದಾಗ, "ನೀರು ಜಾಸ್ತಿ ಕುಡಿ ಮರಿ" ಅಂದರು. ಅವಳು ತಲೆಯಾಡಿಸಿದಳು. ಚಿಲಕ ಇಲ್ಲ ಅಂತ ಡಾಕ್ಟರಿಗೆ ಹೇಗೆ ಹೇಳುವುದು?

ನಾನು ಆಗ ಮಾಡಿದ್ದೇನು ಗೊತ್ತಾ? ಫೋನ್ ಕಿತ್ತುಕೊಂಡೆ. ಎಲ್ಲದಕ್ಕೂ ವಾಟ್ಸಾಪೇ ಕಾರಣ ಅಂತ ನನ್ನ ತೀರ್ಮಾನ. ಅದರಿಂದ ಆಗಿದ್ದು ಇಷ್ಟೇ, ಹೊಸ ಗ್ರೂಪಿನಲ್ಲಿ ಮೊದಲೇ ಇರಲಿಲ್ಲ, ಈಗ ಸೈನ್ಸ್ ಪ್ರಾಜೆಕ್ಟಿನ ಗ್ರೂಪಿನಲ್ಲೂ ಇಲ್ಲ.

ಅದೇ ನವೆಂಬರ್‌ನಲ್ಲಿ ಅವಳು ದೊಡ್ಡವಳಾದಳು. ಅತ್ತೆಗೆ ಸಂಭ್ರಮ. ಚಿಗಳಿ ಮಾಡಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಆರತಿಗೆ ಓಣಿಯವರನ್ನೆಲ್ಲ ಕರೆಯಲು ಹೊರಟರು. ಮಗಳು ರೂಮಿನ ಬಾಗಿಲು ಹಾಕಿಕೊಂಡಳು. ಕೊನೆಗೆ ಮನೆಮಟ್ಟಿಗೆ ಮುಗಿಸಿದೆವು. ಅಲ್ಲಿಯವರೆಗೆ ನನ್ನದು ಸರಿಯೇ. ಮುಂದಿನ ವಾರ ಅವಳ ಥ್ರೋಬಾಲ್ ಮ್ಯಾಚ್ ಇತ್ತು, ಪಕ್ಕದ ಶಾಲೆಯ ವಿರುದ್ಧ. "ಸುಮ್ನೆ ಈ ಸಲ ಬೇಡ, ಮೈ ಸುಧಾರಿಸಲಿ" ಅಂದೆ. ಅವಳಿಗೆ ಏನೂ ಆಗಿರಲಿಲ್ಲ, ಚೆನ್ನಾಗೇ ಇದ್ದಳು. ನನಗೇ ಏನೋ ಅಳುಕು. ಆ ಮ್ಯಾಚ್ ತಪ್ಪಿತು, ಅವಳ ಜಾಗಕ್ಕೆ ಏಳನೇ ಕ್ಲಾಸಿನವಳು ಬಂದಳು, ಆಮೇಲೆ ಜಾಗ ವಾಪಸ್ ಸಿಗಲೇ ಇಲ್ಲ. ಜನವರಿಯಿಂದ ಪಿಟಿ ಪೀರಿಯಡ್ಡನ್ನೇ ಮ್ಯಾಥ್ಸಿಗೆ ಕೊಟ್ಟರು ಬಿಡಿ.

ಡಿಸೆಂಬರ್ 1, ಶುಕ್ರವಾರ. ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇದೆ ಅಂತ ಇ-ಮೇಲ್ ಬಂದ ದಿನ. ನಮ್ಮ ಶಾಲೆಯ ಹೆಸರು ಟಿವಿಯಲ್ಲಿ ಬಂದಿರಲಿಲ್ಲ. ಆದರೂ ಆಫೀಸಿನಿಂದ ಆಟೋ ಹತ್ತಿ ಓಡಿದೆ. ಗೇಟಿನ ಮುಂದೆ ಸಾವಿರ ಜನ, ಎಲ್ಲರೂ ಒಂದೇ ಸಲ ಕೂಗುತ್ತಿದ್ದಾರೆ. ಒಳಗೆ ನೋಡಿದರೆ ನಮ್ಮವಳು ಹೊಂಗೆಮರದ ಕಟ್ಟೆ ಮೇಲೆ ಕೂತು ಇನ್ನೊಂದು ಹುಡುಗಿಯ ಜೊತೆ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದಾಳೆ. ನನ್ನನ್ನು ನೋಡಿ ಮುಖ ಕೆಂಪು ಮಾಡಿಕೊಂಡು, "ಅಯ್ಯೋ ಅಮ್ಮ, ನೀನ್ಯಾಕೆ ಬಂದೆ?" ಅಂದಳು. ಎಲ್ಲ ಹುಸಿ ಬೆದರಿಕೆ ಅಂತ ಆಮೇಲೆ ಗೊತ್ತಾಯಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅದನ್ನು ಬರೆಯಬೇಡ ಅಂತ ಮಗಳು ಅಂದಿಲ್ಲ, ಹಾಗಾಗಿ ಬರೆದೆ.

ಆ ಇನ್ನೊಂದು ಹುಡುಗಿ ಬಿ ಸೆಕ್ಷನ್ನಿನವಳು. ಶ್ರೀನಗರದಲ್ಲಿ ಅದೇ ಬಸ್ ಹತ್ತುತ್ತಾಳೆ. ಅವರಮ್ಮ ಗಾಂಧಿ ಬಜಾರಿನಲ್ಲಿ ಹೂವು ಮಾರುತ್ತಾರೆ. ರಸ್ತೆ ಅಗೆದು ಹಾಕಿದ್ದರಲ್ಲ, ಆ ಧೂಳಿನಲ್ಲೇ ವ್ಯಾಪಾರ. ಆ ಹುಡುಗಿಗೆ ಎಲ್ಲ ಕಂಡಕ್ಟರುಗಳೂ ಗೊತ್ತು, ಯಾವ ಬಸ್ಸಿನ ಹಿಂದಿನ ಬಾಗಿಲು ಕೈಕೊಡುತ್ತದೆ ಅನ್ನೋದೂ ಗೊತ್ತು. ಟಾಯ್ಲೆಟ್ ಬಾಗಿಲು ಹಿಡಿಯೋಕೆ ಬಂದವಳೂ ಇವಳೇ. ಡಿಸೆಂಬರ್‌ನಿಂದ ಡಬ್ಬಿ ಮತ್ತೆ ಟಣ್ ಅನ್ನತೊಡಗಿತು. ಬಾಟಲಿಯೂ ಖಾಲಿ. ನಾನು ಹುಡುಕಿಕೊಟ್ಟ ಗೆಳತಿಯಲ್ಲ ಅವಳು, ಕ್ಲಾಸ್ ಟೀಚರ್ ಜೋಡಿ ಮಾಡಿದ್ದೂ ಅಲ್ಲ. ಬಸ್ಸಿನಲ್ಲಿ ಸಿಕ್ಕವಳು. ವ್ಯಾನಿನಲ್ಲೇ ಹೋಗುತ್ತಿದ್ದರೆ ಸಿಗುತ್ತಲೇ ಇರಲಿಲ್ಲ.

ಹತ್ತೇ ದಿನಕ್ಕೆ ನಾನು ಅದಕ್ಕೂ ಕಲ್ಲು ಹಾಕಿದೆ. ಡಿಸೆಂಬರ್ 11, ಕಾರ್ತಿಕದ ಕೊನೆ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ, ಅಂದರೆ ಜಾತ್ರೆ. ಇಬ್ಬರೂ ಶಾಲೆ ಬಿಟ್ಟವರು ನೆಟ್ಟಗೆ ಅಲ್ಲಿಗೆ ಹೋಗಿದ್ದಾರೆ. ಬುಲ್ ಟೆಂಪಲ್ ರೋಡಿನ ಆ ಜನಜಂಗುಳಿಯಲ್ಲಿ ಎರಡು ಸೇರು ಕಡಲೆಕಾಯಿ, ಒಂದು ಜೊತೆ ಬಳೆ, ಆ ಕಡೆ ಈ ಕಡೆ ಸುತ್ತಾಟ. ಮನೆಗೆ ಬಂದಾಗ ಒಂದು ಗಂಟೆ ಇಪ್ಪತ್ತು ನಿಮಿಷ ಲೇಟು. ಫೋನ್ ಇಲ್ಲ, ಕಿತ್ತುಕೊಂಡವಳು ನಾನೇ ತಾನೇ. ಅವಳು ಬಾಗಿಲಲ್ಲಿ ನಿಂತು ಕಡಲೆಕಾಯಿ ಪೊಟ್ಟಣ ಮುಂದೆ ಚಾಚಿದಳು, ಇನ್ನೂ ಬಿಸಿ ಇತ್ತು. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆ ಆಗುತ್ತದೆ. ಅವಳ ಅಪ್ಪ ಒಂದೇ ಮಾತು ಅಂದರು, "ಬಸ್ ಸಾಕು." ಎರಡೂವರೆ ವಾರ ಸ್ಕೂಟರಿನಲ್ಲಿ ಬಿಟ್ಟು ಕರೆದುಕೊಂಡು ಬಂದೆವು. ಡಬ್ಬಿ ಮತ್ತೆ ಭಾರ.

ಒಂದು ಪಕ್ಕದ ಮಾತು. ನಮ್ಮ ನಾದಿನಿ ಮಗನೂ ಎಂಟನೇ ಕ್ಲಾಸು. ಕ್ರಿಕೆಟ್ ಆಡಲು ಹೋಗಿ ಎರಡು ಗಂಟೆ ತಡವಾಗಿ ಬಂದ ದಿನ ನಾನು ಅವರ ಮನೆಯಲ್ಲೇ ಇದ್ದೆ. "ಊಟ ಮಾಡ್ತೀಯೇನೋ?" ಅಷ್ಟೇ ಕೇಳಿದ್ದು ಅವರು. ನಾನೂ ಸುಮ್ಮನೆ ನಕ್ಕೆ.

ಜನವರಿಯಲ್ಲಿ ಸ್ಕೂಟರ್ ಸರ್ವೀಸಿಗೆ ಹೋಯಿತು, ನನ್ನ ಆಫೀಸಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ, ಬಸ್ ತಾನಾಗಿ ಮತ್ತೆ ಶುರುವಾಯಿತು. ಯಾರೂ ನಿರ್ಧಾರ ಮಾಡಲಿಲ್ಲ. ಅಷ್ಟರಲ್ಲಿ ಪೇರೆಂಟ್ಸ್ ಮೀಟಿಂಗ್ ಆಯಿತು. ನಾನು ಚಿಲಕದ ವಿಷಯ ಎತ್ತಿದೆ. ಟೀಚರ್ ಮ್ಯಾಥ್ಸಿನಲ್ಲಿ 61 ಅಂದರು. ನಾನು ಮತ್ತೆ ಚಿಲಕ ಅಂದೆ. "ಹೇಳ್ತೀವಿ ಮೇಡಂ, ಮಾಡಿಸ್ತಾರೆ" ಅಂದರು. ಎರಡು ವಾರ ಆದರೂ ಏನೂ ಆಗಲಿಲ್ಲ. ಕೊನೆಗೆ ಒಂದು ಶನಿವಾರ ಅವಳ ಅಪ್ಪ, ಹೌದು, "ನಿನ್ನ ಮಗಳುಂಟು" ಅಂದವರೇ, ಹಾರ್ಡ್‌ವೇರ್ ಅಂಗಡಿಯಿಂದ 60 ರೂಪಾಯಿಯ ಟವರ್ ಬೋಲ್ಟ್ ತಗೊಂಡು, ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಹೋದರು. ಹೆಡ್‌ಮಾಸ್ಟರ ಹತ್ತಿರ ಕೇಳಿ, ಆಯಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಅವರೇ ಹಾಕಿ ಬಂದರು. ಇಪ್ಪತ್ತು ನಿಮಿಷದ ಕೆಲಸ. ನಾಲ್ಕು ಸ್ಕ್ರೂ. ಸೋಮವಾರ ಮಗಳು ಬಂದು, "ಅಪ್ಪ, ಇಡೀ ಸ್ಕೂಲ್ ನಿಂಗೆ ಥ್ಯಾಂಕ್ಸ್ ಹೇಳ್ತು" ಅಂದಳು. ಅವರು ಪೇಪರ್ ಹಿಂದೆ ಹೋದರು. ಆ ವರ್ಷ ನಮ್ಮ ಮನೆಯಲ್ಲಿ ಯಾರಾದರೂ ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಅಂತ ನನಗನ್ನಿಸುತ್ತದೆ. ಯಾಕೆಂದರೆ ಅವರು ಏನನ್ನೂ ನಿಲ್ಲಿಸಲಿಲ್ಲ. ಒಂದು ಚಿಲಕ ಹಾಕಿದರು.

ಈ ಮಾತು ಯಾಕೆ ಬಂತು ಅಂದರೆ, ಮಾರ್ಚ್‌ನಲ್ಲಿ ಪರೀಕ್ಷೆ ನಿಂತಿತ್ತಲ್ಲ, ಆ ಹತ್ತು ಹನ್ನೆರಡು ದಿನ ಮಕ್ಕಳಿಗೆ ಓದಲೂ ಮನಸ್ಸಿಲ್ಲ, ಆಡಲೂ ಬಿಡುವಂತಿಲ್ಲ. ಹೊರಗೆ ಬೆಂಕಿಯಂಥ ಬಿಸಿಲು. ಊರೆಲ್ಲ ಟ್ಯಾಂಕರ್ ನೀರಿನದೇ ಮಾತು. ಊರಿನಿಂದ ಹುಣಸೆಹಣ್ಣು ಬಂದಿತ್ತು. ಮಧ್ಯಾಹ್ನ ಫ್ಯಾನಿನ ಕೆಳಗೆ ಪೇಪರ್ ಹರಡಿಕೊಂಡು ನಾನೂ ಅವಳೂ ಬೀಜ ಬಿಡಿಸುತ್ತಿದ್ದೆವು. ಕೈಗೆ ಕೆಲಸ ಇದ್ದು, ಕಣ್ಣು ಕಣ್ಣು ಸೇರದೇ ಇದ್ದಾಗ ಈ ವಯಸ್ಸಿನವರು ಮಾತಾಡುತ್ತಾರೆ, ನೋಡಿ ಬೇಕಾದರೆ.

"ಜನವರೀಲಿ ಬಸ್ಸಲ್ಲಿ ಒಬ್ಬ ಅಂಕಲ್ ಮೈಮೇಲೆ ಬೀಳ್ತಾ ನಿಂತಿದ್ದ" ಅಂದಳು. ಹವಾಮಾನದ ವರದಿ ಓದಿದ ಹಾಗೆ.

ನನ್ನ ಕೈ ನಿಂತಿತು. ಅವಳ ಕೈ ನಿಲ್ಲಲಿಲ್ಲ. ಎರಡು ಸಲ ಸರಿದು ನಿಂತಳಂತೆ, ಅವನೂ ಸರಿದನಂತೆ. ಆಗ ಹೂವಿನವರ ಮಗಳು ಇಡೀ ಬಸ್ಸಿಗೆ ಕೇಳುವ ಹಾಗೆ, "ಅಂಕಲ್, ಹಿಂದೆ ಜಾಗ ಇದೆ, ಹೋಗಿ ನಿಂತ್ಕೊಳ್ಳಿ" ಅಂದಳಂತೆ. ಎಲ್ಲರೂ ತಿರುಗಿ ನೋಡಿದರು. ಸೀಟಿನಲ್ಲಿ ಕೂತಿದ್ದ ಒಬ್ಬರು ಹೆಂಗಸು ಬ್ಯಾಗ್ ತಗೊಂಡು ಎದ್ದೇ ನಿಂತರು. ಅವನು ಮುಂದಿನ ಸ್ಟಾಪಿಗೆ ಇಳಿದು ಹೋದ. ಕಂಡಕ್ಟರ್ ಮಾರನೇ ದಿನದಿಂದ ಇವರಿಬ್ಬರನ್ನೂ ತನ್ನ ಸೀಟಿನ ಹತ್ತಿರವೇ ನಿಲ್ಲಿಸಿಕೊಳ್ಳುತ್ತಾರಂತೆ.

"ಎರಡು ತಿಂಗಳಾಯ್ತಲ್ಲೇ. ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತೀಯ."

ಕೋಪದಲ್ಲಿ ಅನ್ನಲಿಲ್ಲ. ಒಂದು ಬೀಜ ತೆಗೆದು ತಟ್ಟೆಗೆ ಹಾಕುತ್ತಾ ಅಂದಳು. ಎಷ್ಟು ಸರಿಯಾಗಿ ಲೆಕ್ಕ ಹಾಕಿದ್ದಾಳೆ ನೋಡಿ. ಜಗಳ ಹೇಳಿದಳು, ಫೋನ್ ಹೋಯಿತು. ಮೈ ವಿಷಯ ಹೇಳಿದಳು, ಥ್ರೋಬಾಲ್ ಹೋಯಿತು. ಪರಿಷೆಗೆ ಹೋಗಿದ್ದೆ ಅಂತ ಸುಳ್ಳು ಹೇಳದೆ ಒಪ್ಪಿಕೊಂಡಳು, ಬಸ್ ಹೋಯಿತು. ಇನ್ನು ಇದನ್ನೂ ಹೇಳಿ ಏನು ಕಳೆದುಕೊಳ್ಳಬೇಕು ಅವಳು?

"ಮಕ್ಕಳು ಏನೂ ಹೇಳಲ್ಲ ಕಣ್ರೀ, ಈ ವಯಸ್ಸಲ್ಲಿ ಬಾಯೇ ಬಿಡಲ್ಲ" ಅಂತ ಅಪಾರ್ಟ್‌ಮೆಂಟಿನ ಬೆಂಚಿನ ಮೇಲೆ, ಮದುವೆ ಮನೆಯಲ್ಲಿ, ಬ್ಯೂಟಿ ಪಾರ್ಲರಿನಲ್ಲಿ ಎಷ್ಟು ಸಲ ಕೇಳಿದ್ದೇನೆ, ಎಷ್ಟು ಸಲ ನಾನೇ ಹೇಳಿದ್ದೇನೆ. ಹಾರ್ಮೋನ್ ಅನ್ನುತ್ತೇವೆ, ಮೊಬೈಲ್ ಅನ್ನುತ್ತೇವೆ, ಸಹವಾಸ ಅನ್ನುತ್ತೇವೆ. ಅವರು ಹೇಳುತ್ತಾರೆ ಸ್ವಾಮಿ. ಒಂದು ಸಲ ಹೇಳುತ್ತಾರೆ, ಎರಡು ಸಲ ಹೇಳುತ್ತಾರೆ. ಹೇಳಿದಾಗೆಲ್ಲ ಅವರದ್ದೇ ಏನೋ ಒಂದನ್ನು ಕಿತ್ತುಕೊಳ್ಳುತ್ತೇವೆ. ತಪ್ಪು ಮಾಡಿದವನು ಬಸ್ಸಿನ ಅಂಕಲ್, ಬಸ್ ಬಿಡಬೇಕಾದವಳು ನಮ್ಮ ಹುಡುಗಿ. ಚಿಲಕ ಹಾಕದವರು ಶಾಲೆಯವರು, ನೀರು ಬಿಡಬೇಕಾದವಳು ನಮ್ಮ ಹುಡುಗಿ. ಮೂರನೇ ಸಲ ಯಾಕೆ ಹೇಳಬೇಕು?

ನಾನು ತಿಪಟೂರಿನಲ್ಲಿ ಓದುವಾಗ ನನಗೊಂದು ಸೈಕಲ್ ಇತ್ತು. ನಾನು ದೊಡ್ಡವಳಾದ ವಾರವೇ ಅದು ತಮ್ಮನಿಗೆ ಹೋಯಿತು. ಯಾರೂ ಬೈಯಲಿಲ್ಲ, ಯಾರೂ ಕಾರಣ ಹೇಳಲಿಲ್ಲ, ಒಂದು ದಿನ ಅವನು ಅದರ ಸೀಟು ಏರಿಸಿಕೊಳ್ಳುತ್ತಿದ್ದ. ಸರ್ಕಾರ 2006-07ರಲ್ಲಿ ಸೈಕಲ್ ಕೊಡಲು ಶುರು ಮಾಡಿದಾಗ ಎಂಟನೇ ಕ್ಲಾಸಿನವರಿಗೇ ಯಾಕೆ ಕೊಟ್ಟರು ಅಂತ ಬೇರೆಯವರಿಗೆ ಆಶ್ಚರ್ಯ ಆಗಿರಬಹುದು, ನನಗೆ ಆಗಲಿಲ್ಲ. ಆದರೆ ಅಷ್ಟೆಲ್ಲ ಗೊತ್ತಿದ್ದವಳೂ ಡಿಸೆಂಬರ್ 11ಕ್ಕೆ ಬಾಗಿಲಲ್ಲಿ ನಿಂತು ಅದೇ ಕೆಲಸ ಮಾಡಿದೆ.

ಹಾಗಂತ ಏನೂ ಕೇಳಬಾರದು, ಬಿಟ್ಟುಬಿಡಬೇಕು ಅಂತಲ್ಲ. ನನಗೇನು ಭಯ ಹೋಗಿಲ್ಲ. ಈಗಲೂ ನಾಲ್ಕು ಮುಕ್ಕಾಲಿಗೆ ಕಣ್ಣು ಗಡಿಯಾರದ ಮೇಲೆ ಇರುತ್ತದೆ. ಫೋನ್ ವಾಪಸ್ ಕೊಟ್ಟಿದ್ದೇನೆ, ಬಟನ್ ಇರುವ ಹಳೇದು, ಲೇಟಾದರೆ ಹೇಳೋಕೆ. ಏನಾದರೂ ಹೇಳಿದರೆ ಮೊದಲು, "ನಿಂಗೆ ಏನ್ ಮಾಡ್ಬೇಕು ಅನ್ಸುತ್ತೆ?" ಅಂತ ಕೇಳೋಣ ಅಂತ ನಾನೂ ಯಜಮಾನರೂ ಮಾತಾಡಿಕೊಂಡಿದ್ದೇವೆ. ಒಂದು ಸಲ ಮರೆತೆ, ಒಂದು ಸಲ ನೆನಪಾಯಿತು.

ಹೊಸ ಗ್ರೂಪಿನ ಒಂಬತ್ತರಲ್ಲಿ ಈಗ ಎರಡು ಬಣ ಆಗಿದೆಯಂತೆ. ನಮ್ಮವಳಿಗೆ ಎರಡೂ ಕಡೆಯಿಂದ ಕರೆ ಬಂದಿದೆ. ನೋಡೋಣ ಅಂದಿದ್ದಾಳೆ, ಸುಪ್ರೀಂ ಕೋರ್ಟಿನ ಗತ್ತಿನಲ್ಲಿ.

ಮೊನ್ನೆ ಉಪ್ಪಿನಕಾಯಿಗೆ ಮಾವಿನಕಾಯಿ ತರಬೇಕಿತ್ತು. ಅತ್ತೆಗೆ ಗಾಂಧಿ ಬಜಾರಿನ ಕಾಯಿಯೇ ಆಗಬೇಕು. ಆಟೋಗೆ ಹೇಳಲಾ ಅಂದರೆ ಮೊಮ್ಮಗಳು, "ನಾನು ಕರ್ಕೊಂಡ್ ಹೋಗ್ತೀನಿ, ಬಸ್ಸಲ್ಲಿ" ಅಂದಳು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಸೀರೆ ಬದಲಾಯಿಸಿ ಬಂದರು. ಚಪ್ಪಲಿ ಹಾಕುತ್ತಿರುವಾಗ ಇವಳು ಬಾಗಿಲಲ್ಲಿ ನಿಂತು, "ಅಜ್ಜಿ, ಆಧಾರ್ ತಗೊಂಡ್ಯಾ?" ಅಂತ ಕೇಳಿದಳು. ಅತ್ತೆ ವಾಪಸ್ ಒಳಗೆ ಹೋದರು.

ಬರುವಾಗ ಮುಕ್ಕಾಲು ಗಂಟೆ ಲೇಟು. "ಬಸ್ ಸಿಗಲಿಲ್ಲ ಕಣೇ" ಅಂದರು ಅತ್ತೆ, ನಾನು ಕೇಳುವ ಮೊದಲೇ. ಮಗಳು ಮಾವಿನಕಾಯಿ ಚೀಲ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ಅತ್ತೆಯ ಸೆರಗಿನ ಮೇಲೆ ಚಟ್ನಿ ಕಲೆ ಇತ್ತು. ನಾನು ಏನೂ ಕೇಳಲಿಲ್ಲ.